ಗೂಟದ ಮೇಲಿನ ಟೋಪಿ

ಪ್ರುವಿಟ್ ಕೋರ್ಟ್ ಮೋಟೆಲ್, ಡ್ರೈ ಫೋರ್ಕ್, ನ್ಯೂ ಮೆಕ್ಸಿಕೋ
14 ಮೇ 1968

ಪೇಂಟೆಡ್ ವೆಲ್ ಊರಿನ ಸಿಲ್ವರ್ ಸ್ಪರ್ ಮೋಟೆಲಿನ ಮಾಲೀಕರಿಗೆ,

ಇದರ ಜೊತೆ ನಿಮ್ಮ ನಾಲ್ಕನೇ ಕೋಣೆಯ ಬೀಗದಕೈ ಇದೆ. ನಿಮ್ಮಲ್ಲಿ ಮಲಗೆದ್ದು ಬಂದ ಷೂ ಕಂಪನಿಯ ಸೇಲ್ಸ್‌ಮನ್ ಒಬ್ಬರು ಮಾರನೇ ಸಂಜೆ ನಮ್ಮ ಕೌಂಟರಿನ ಮುಂದೆ ನಿಂತು ಜೇಬು ತಡಕಿದಾಗ ಹೊರಗೆ ಬಂತು. ಯಾವುದಾದರೂ ಅಂಚೆಪೆಟ್ಟಿಗೆಗೆ ಹಾಕಿ, ಅಂಚೆ ಖರ್ಚು ನಮ್ಮದು ಎಂದು ಅದಕ್ಕೆ ಕಟ್ಟಿದ ಬಿಲ್ಲೆಯ ಮೇಲೆ ನೀವು ಬರೆಸಿದ್ದೀರಿ. ಹಾಗೇ ಹಾಕಬಹುದಿತ್ತು. ಆದರೆ ಒಂದು ಮಾತು ಹೇಳುವುದಿತ್ತು.

ನಿಮ್ಮ ಕಡೆಯಿಂದ ಬರುವ ಗಿರಾಕಿಗಳು ನಿಮ್ಮ ಈಜುಕೊಳವನ್ನು ಹೊಗಳುತ್ತಾರೆ, ಆಮೇಲೆ ಕೊನೆಯ ಕೋಣೆಗಳಲ್ಲಿ ಬಿಸಿನೀರು ಬರಲಿಲ್ಲವೆಂದು ನನ್ನ ಹತ್ತಿರ ಗೊಣಗುತ್ತಾರೆ. ನಿಮ್ಮ ಮನೆಯ ದೂರು ನನ್ನ ಬಾಗಿಲಿಗೆ ಯಾಕೆ ಬರಬೇಕು ಎಂದು ನನಗೆ ಸಿಟ್ಟು. ಟ್ಯಾಂಕು ಕಾಯುವಾಗ ಗುಡುಗುಡು ಸದ್ದು ಬರುತ್ತಿದ್ದರೆ ತಳದಲ್ಲಿ ಮರಳು ಕೂತಿದೆ ಎಂದು ಅರ್ಥವಂತೆ. ಗ್ಯಾಸ್ ಆರಿಸಿ, ನೀರು ತಣ್ಣಗಾದ ಮೇಲೆ ಕೆಳಗಿನ ನಲ್ಲಿ ಬಿಚ್ಚಿ, ತಿಳಿನೀರು ಬರುವ ತನಕ ಹರಿಯಬಿಡಬೇಕು. ಇದು ನನ್ನ ಯಜಮಾನರು ಫ್ಲಾಯ್ಡ್ ಹೇಳಿದ್ದು. ಅವರಿಗೆ ಇಂಥದ್ದೆಲ್ಲ ಚೆನ್ನಾಗಿ ಗೊತ್ತು.

ಪಶ್ಚಿಮಕ್ಕೆ ಹೋಗುವವರು ರಾತ್ರಿಗೆ ಎಲ್ಲಿ ಇಳಿಯೋಣ ಎಂದು ಕೇಳಿದರೆ ನಾವು ಯಾರ ಹೆಸರನ್ನಾದರೂ ಹೇಳಲೇಬೇಕಲ್ಲ. ಬಿಸಿನೀರು ಸರಿಯಾದರೆ ನಿಮ್ಮ ಹೆಸರು ಹೇಳುತ್ತೇವೆ.

ಇತಿ,
ಶ್ರೀಮತಿ ಓಲೀಟಾ ಪ್ರುವಿಟ್


ಸಿಲ್ವರ್ ಸ್ಪರ್ ಮೋಟೆಲ್, ಪೇಂಟೆಡ್ ವೆಲ್, ಅರಿಝೋನಾ
2 ಜೂನ್ 1968

ಶ್ರೀಮತಿ ಪ್ರುವಿಟ್ ಅವರಿಗೆ,

ಬೀಗದಕೈ ತಲುಪಿತು, ಬೈಗುಳವೂ ತಲುಪಿತು. ಎರಡಕ್ಕೂ ವಂದನೆ.

ನಿಮ್ಮ ಯಜಮಾನರು ಹೇಳಿದ ಹಾಗೆ ಕೆಳಗಿನ ನಲ್ಲಿ ಬಿಚ್ಚಿದೆ. ಅಷ್ಟು ಮರಳು ಬಂತು ನೋಡಿ, ಅಂಗಳಕ್ಕೆ ಹಾಕಿಸಿಕೊಳ್ಳಬಹುದಿತ್ತು. ಈಗ ಹನ್ನೆರಡನೇ ಕೋಣೆಯ ಗಿರಾಕಿಗೂ ಮೈ ಸುಡುವ ನೀರು ಬರುತ್ತದೆ. ಇಲ್ಲಿನ ಪ್ಲಂಬರ್ ಮೂರು ಸಲ ಬಂದು ತಲೆ ಕೆರೆದುಕೊಂಡು ಹೋಗಿದ್ದ. ಫ್ಲಾಯ್ಡ್ ಅವರಿಗೆ ನನ್ನ ಕಡೆಯಿಂದ ಒಂದು ಒಳ್ಳೆಯ ಚುರುಟು ಬಾಕಿ ಇದೆ ಎಂದು ಹೇಳಿ.

ನನ್ನ ವಿಷಯ ಹೇಳುವಂಥದ್ದೇನಿಲ್ಲ. ಹೆಸರು ಡೆಲ್ಮರ್ ಕೇಗಲ್. ಹೆಂಡತಿ ನಡೀನ್ ಸ್ಯಾನ್ ಬರ್ನಾರ್ಡಿನೋದಲ್ಲಿರುವ ತಂಗಿಯನ್ನು ನೋಡಿ ಬರುತ್ತೇನೆ ಎಂದು ಹೋದವಳು, ತಂಗಿಯನ್ನು ಇನ್ನೂ ನೋಡುತ್ತಲೇ ಇದ್ದಾಳೆ. ಕಾಗದಪತ್ರವೆಲ್ಲ ವಕೀಲರೇ ಮುಗಿಸಿದರು. ಮೋಟೆಲ್ ನಡೆಸುವ ಗಂಡಸಿನ ಜೊತೆ ಯಾರು ತಾನೇ ಇರುತ್ತಾರೆ ಎಂದು ನಾನೂ ಬಿಟ್ಟುಬಿಟ್ಟೆ. ನಿಮ್ಮಿಬ್ಬರನ್ನು ಕಂಡರೆ, ಅಂದರೆ ಕೇಳಿದರೆ, ಕೊಂಚ ಹೊಟ್ಟೆಕಿಚ್ಚಾಗುತ್ತದೆ.

ಪೂರ್ವಕ್ಕೆ ಹೋಗುವವರಿಗೆ ಇವತ್ತಿನಿಂದ ನಿಮ್ಮ ಹೆಸರು.

ಡೆಲ್ಮರ್ ಕೇಗಲ್


ಡ್ರೈ ಫೋರ್ಕ್
20 ಸೆಪ್ಟೆಂಬರ್ 1968

ಕೇಗಲ್ ಅವರಿಗೆ,

ನೀವು ಕಳಿಸಿದ ಓಹಾಯೋದ ಸಂಸಾರ ಬಂತು, ಕೂಸಿನ ಸಮೇತ. ಟ್ರಕ್ಕುಗಳ ಸದ್ದು ತಾಗದಿರಲಿ ಎಂದು ಹಿಂದಿನ ಸಾಲಿನಲ್ಲಿ ಕೋಣೆ ಕೊಟ್ಟೆ. ಕೂಸು ಅಷ್ಟು ಸೊಗಸಾಗಿ ಅತ್ತಿತು, ಟ್ರಕ್ಕಿನವರೇ ಬಂದು ದೂರು ಹೇಳಿದರು.

ಮರುಭೂಮಿ ಗಾಳಿಯಲ್ಲಿ ಕೂಲರಿನ ಹುಲ್ಲು ಯಾಕೆ ಬೇಗ ಒಣಗುತ್ತದೆ ಎಂದು ಕೇಳಿದ್ದಿರಿ. ಒಣಗುವುದಲ್ಲ, ನಿಮ್ಮ ನೀರಿನ ಸುಣ್ಣ ಕೂತು ಕಲ್ಲಾಗುತ್ತದೆ. ವಿನಿಗರ್ ಹಾಕಿ ನೆನೆಸಿಡಿ ಎನ್ನುತ್ತಾರೆ ಫ್ಲಾಯ್ಡ್. ಅವರು ಪತ್ರ ಬರೆಯುವವರಲ್ಲ. ಸ್ಪ್ಯಾನರು ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ ಎಂದು ನಾನೇ ಬರೆಯುತ್ತಿದ್ದೇನೆ.

ಈ ಸಲ ಚಳಿ ಬೇಗ ಬಂದಿದೆ. ಎದುರಿನ ಹೋಟೆಲಿನ ಚೆಲೋ ಆಗಲೇ ಮೆಣಸಿನಕಾಯಿ ಸುಡಲು ಶುರು ಮಾಡಿದ್ದಾಳೆ. ರಸ್ತೆಯೆಲ್ಲ ಅದೇ ಘಾಟು. ದಾರಿಹೋಕರು ಗಾಡಿ ನಿಲ್ಲಿಸಿ ಕೆಮ್ಮುತ್ತಾರೆ, ಕೆಮ್ಮಿದವರು ಊಟ ಮಾಡಿಯೇ ಹೋಗುತ್ತಾರೆ.

ಓಲೀಟಾ ಪ್ರುವಿಟ್


ಪೇಂಟೆಡ್ ವೆಲ್
9 ಮಾರ್ಚ್ 1970

ಓಲೀಟಾ ಅವರಿಗೆ,

ಹೆಸರು ಹಿಡಿದು ಕರೆದೆ, ತಪ್ಪು ತಿಳಿಯಬೇಡಿ. ಇಷ್ಟು ಪತ್ರಗಳಾದ ಮೇಲೆ ಶ್ರೀಮತಿ ಪ್ರುವಿಟ್ ಎಂದರೆ ನಿಮ್ಮ ಅತ್ತೆಗೆ ಬರೆದ ಹಾಗಾಗುತ್ತದೆ.

ನಿಮ್ಮ ಒಂಬತ್ತನೇ ಕೋಣೆಯ ಬೀಗದಕೈ ನನ್ನ ಹತ್ತಿರ ಬಂದಿದೆ. ಬೈಬಲ್ ಮಾರುವ ಒಬ್ಬ ಸದ್ಗೃಹಸ್ಥ ಕೋಟಿನ ಜೇಬಿನಲ್ಲಿ ಹೊತ್ತು ತಂದ. ಅಂಚೆಗೆ ಹಾಕುವುದಿಲ್ಲ. ನಾನೇ ಕೈಯಾರೆ ತಂದುಕೊಡುತ್ತೇನೆ. ಎಂದಾದರೂ ಒಂದು ದಿನ ಈ ಬಾಗಿಲಿಗೆ ಬೀಗ ಹಾಕಿ ಪೂರ್ವಕ್ಕೆ ಗಾಡಿ ಬಿಡಲು ನನಗೂ ಒಂದು ನೆಪ ಬೇಡವೇ? ಅಷ್ಟರವರೆಗೆ ನನ್ನ ಗಲ್ಲಾಪೆಟ್ಟಿಗೆಯ ಮೇಲಿನ ಮೊಳೆಯಲ್ಲಿ ಇರುತ್ತದೆ.

ಆ ಮಹಾಶಯ ನಿಮ್ಮ ಸಮಾಚಾರ ಹೇಳಿದ. ಆಫೀಸಿನಲ್ಲಿ ಫ್ಲಾಯ್ಡ್ ಅವರ ಟೋಪಿ ಗೂಟದಲ್ಲಿ, ಬೂಟು ಬಾಗಿಲ ಹತ್ತಿರ, ರೇಡಿಯೋದಲ್ಲಿ ಒಳಗೆ ಬೇಸ್‌ಬಾಲ್. "ಆಯಮ್ಮ ಒಳಗಡೆ ತಿರುಗಿ, ಫ್ಲಾಯ್ಡ್, ಒಂಬತ್ತಕ್ಕೆ ಸ್ವಲ್ಪ ಐಸ್ ತಂದ್ಕೊಡ್ತೀರಾ ಅಂತ ಕೂಗಿದ್ರು. ಅವ್ರು ಬರ್ಲೇ ಇಲ್ಲ. ಕೊನೆಗೆ ಐಸ್ ತಂದಿದ್ದೂ ಆಯಮ್ಮನೇ," ಎಂದ.

ಕುರ್ಚಿಯಿಂದ ಸ್ವಲ್ಪ ಮೇಲೇಳಿ ಎಂದು ಫ್ಲಾಯ್ಡ್ ಅವರಿಗೆ ನಾನು ಹೇಳಿದೆನೆಂದು ಹೇಳಿ. ನನ್ನನ್ನು ಹಾಗೆ ಯಾರಾದರೂ ಕೂಗಿ ಕರೆಯುವಂತಿದ್ದರೆ ಐಸ್ ಕಾರ್ಖಾನೆಯನ್ನೇ ಹೊತ್ತು ತರುತ್ತಿದ್ದೆ.

ಡೆಲ್ಮರ್


ಡ್ರೈ ಫೋರ್ಕ್
16 ಮಾರ್ಚ್ 1970
(ಕಳಿಸದೆ ಉಳಿದದ್ದು)

ಡೆಲ್ಮರ್ ಅವರಿಗೆ,

ಫ್ಲಾಯ್ಡ್ ಐಸ್ ತರುವುದಿಲ್ಲ. ಫ್ಲಾಯ್ಡ್ ಹೋಗಿ ಮೂರು ವರ್ಷ ದಾಟಿತು. 1966ರ ಡಿಸೆಂಬರಿನಲ್ಲಿ ಚಾವಣಿಯ ಹಿಮ ಎಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ.

ಟೋಪಿ ಗೂಟದಲ್ಲೇ ಇರಲಿ ಎಂದಿದ್ದು ಚೆಲೋ. "ಹೈವೇ ಪಕ್ಕ ಒಂಟಿ ಹೆಂಗ್ಸು ಅಂತ ಗೊತ್ತಾದ್ರೆ ಒಬ್ಬೊಬ್ರು ಒಂದೊಂದು ಥರ ಆಡ್ತಾರೆ ಕಣೇ. ಟೋಪಿ ಇರ್ಲಿ, ಬೂಟಿಗೆ ವಾರಕ್ಕೊಂದ್ಸಲ ಮಣ್ಣು ಹಚ್ಚು, ಜನ ಬಂದಾಗೆಲ್ಲ ಒಳಗಡೆ ತಿರುಗಿ ಒಂದು ಕೂಗು ಹಾಕು," ಎಂದಳು. ಈ ರಸ್ತೆಯಲ್ಲಿ ಒಂಟಿಯಾಗಿ ಮೋಟೆಲ್ ನಡೆಸುವ ಹೆಂಗಸರೆಲ್ಲ ಮಾಡುವುದು ಇದನ್ನೇ. ಇನ್ನೊಬ್ಬಳ ಗೂಟದಲ್ಲಿ ಟೋಪಿ ಕಂಡರೆ ನಾವು ಏನೂ ಕೇಳುವುದಿಲ್ಲ.

ಟ್ಯಾಂಕಿನ ಮರಳು ಬಿಟ್ಟವಳು ನಾನು. ಕೂಲರಿಗೆ ವಿನಿಗರ್ ಹಾಕಿದವಳೂ ನಾನು. ಹೆಂಗಸಿನ ಮಾತನ್ನು ಗಂಡಸರು ಕೇಳುವುದಿಲ್ಲ, ಗಂಡನ ಮಾತು ಎಂದರೆ ಕೇಳುತ್ತಾರೆ ಎಂದು ಮೊದಲ ಪತ್ರದಲ್ಲಿ ಅವರ ಹೆಸರು ಹಾಕಿದೆ. ಆಗ ನೀವು ಯಾರೋ. ಈಗ ನೀವು ಯಾರೋ ಅಲ್ಲ, ಕಷ್ಟ ಬಂದಿರುವುದೇ ಅಲ್ಲಿ. ಚುರುಟು ಬಾಕಿ ಇದೆ, ಅವರನ್ನು ಕೇಳಿದೆ ಎಂದು ಹೇಳಿ ಎಂದು ನೀವು ಪ್ರತಿ ಸಲ ಬರೆಯುತ್ತೀರಿ. ನಾನು ಓದಿ ನಗುತ್ತೇನೆ, ಆಮೇಲೆ ಆ ದಿನವೆಲ್ಲ ಯಾರ ಹತ್ತಿರವೂ ಮಾತಾಡುವ ಮನಸ್ಸಾಗುವುದಿಲ್ಲ.

ನಿಜ ಹೇಳಿದರೆ ನೀವು ಬರುತ್ತೀರೋ, ಬರೆಯುವುದನ್ನೇ ಬಿಡುತ್ತೀರೋ ಗೊತ್ತಿಲ್ಲ. ನಿಮ್ಮ ಪತ್ರ ಬರದಿದ್ದರೆ ಇಲ್ಲಿ ನನಗೆ ಉಳಿಯುವುದು ಗಿರಾಕಿಗಳು ಮಾತ್ರ, ಅವರು ಬೆಳಿಗ್ಗೆ ಹೋಗಿಬಿಡುತ್ತಾರೆ.


ಡ್ರೈ ಫೋರ್ಕ್
17 ಮಾರ್ಚ್ 1970

ಡೆಲ್ಮರ್ ಅವರಿಗೆ,

ಪತ್ರ ತಲುಪಿತು. ಒಂಬತ್ತಕ್ಕೆ ಬೇರೆ ಬೀಗದಕೈ ಮಾಡಿಸಿಯಾಯಿತು. ಹಳೆಯದು ನಿಮ್ಮಲ್ಲೇ ಇರಲಿ.

ಕುರ್ಚಿಯಿಂದ ಏಳಿ ಎಂದು ಹೇಳಿದೆ. ಯಾರ ಮಾತನ್ನೂ ಕೇಳುವ ಜನವಲ್ಲ ಅವರು. ಇಲ್ಲಿ ಎಲ್ಲ ಕ್ಷೇಮ. ಗಾಳಿ ಜೋರು.

ಓಲೀಟಾ


ಪೇಂಟೆಡ್ ವೆಲ್
24 ಜೂನ್ 1973

ಓಲೀಟಾ ಅವರಿಗೆ,

ಊರನ್ನು ಬಳಸಿ ಹೋಗುವ ಹೊಸ ಹೆದ್ದಾರಿ ತೆರೆಯಿತು. ಗವರ್ನರ ಕಡೆಯವರು ಯಾರೋ ಬಂದು ರಿಬ್ಬನ್ ಕತ್ತರಿಸಿದರು. ಶಾಲೆಯ ಮಕ್ಕಳು ಬ್ಯಾಂಡ್ ಬಾರಿಸಿದರು. ಊರವರೆಲ್ಲ ಹೋಗಿ ಚಪ್ಪಾಳೆ ತಟ್ಟಿ ಬಂದೆವು, ನಾನೂ ತಟ್ಟಿದೆ. ನಮ್ಮ ಕುತ್ತಿಗೆ ಕೊಯ್ದದ್ದಕ್ಕೆ ನಾವೇ ಚಪ್ಪಾಳೆ ತಟ್ಟಿದ್ದು ಮನೆಗೆ ಬಂದ ಮೇಲೆ ಹೊಳೆಯಿತು.

ಮಾರನೇ ದಿನ ನನ್ನ ಮೋಟೆಲಿಗೆ ಬಂದವನು ಒಬ್ಬನೇ. ಅವನೂ ದಾರಿ ತಪ್ಪಿ ಬಂದಿದ್ದ. ಹೊಸ ರಸ್ತೆಗೆ ಹತ್ತುವುದು ಹೇಗೆ ಎಂದು ಕೇಳಿದ, ತೋರಿಸಿದೆ. ಈಗ ಸಂಜೆ ಮೋಟೆಲಿನ ನಿಯಾನ್ ಫಲಕ ಹಚ್ಚಿ ಹೊರಗೆ ಕೂರುತ್ತೇನೆ. ದೂರದಲ್ಲಿ ಗಾಡಿಗಳ ದೀಪ ಸಾಲಾಗಿ ಹೋಗುವುದು ಕಾಣುತ್ತದೆ. ಸದ್ದು ಕೂಡ ಕೇಳುವುದಿಲ್ಲ. ಈಜುಕೊಳದ ನೀರು ಬಿಟ್ಟುಬಿಟ್ಟೆ. ಊರೆಲ್ಲ ಬಿಕೋ ಎನ್ನುತ್ತಿದೆ.

ಇನ್ನು ಬೀಗ ಹಾಕುವ ನೆಪ ಹುಡುಕಬೇಕಿಲ್ಲ. ಬೇಸಿಗೆ ಮುಗಿಯುವುದರೊಳಗೆ ನಿಮ್ಮ ಒಂಬತ್ತನೇ ಕೋಣೆಯ ಬೀಗದಕೈ ತರುತ್ತೇನೆ. ಇಷ್ಟು ವರ್ಷ ನನ್ನ ಟ್ಯಾಂಕು, ಕೂಲರು, ಚಾವಣಿ ಎಲ್ಲವನ್ನೂ ಕಾಪಾಡಿದ ಆ ಮನುಷ್ಯನ ಕೈ ಒಂದು ಸಲ ಕುಲುಕಬೇಕು. ನಿಮ್ಮ ಮುಖವನ್ನೂ ಒಂದು ಸಲ ನೋಡಬೇಕು. ಇಷ್ಟೇ. ಇದರಾಚೆ ಏನೂ ಆಸೆಯಿಲ್ಲ ಎಂದು ಬರೆದರೆ ಸುಳ್ಳಾದೀತು. ಆದರೆ ಮನೆಯಲ್ಲಿ ಯಜಮಾನರಿರುವ ಹೆಂಗಸಿಗೆ ಅದನ್ನು ಬರೆಯಬಾರದು, ಬರೆಯುವುದಿಲ್ಲ.

ಡೆಲ್ಮರ್


ಡ್ರೈ ಫೋರ್ಕ್
8 ಜುಲೈ 1973

ಡೆಲ್ಮರ್ ಅವರಿಗೆ,

ಸುದ್ದಿ ಓದಿ ಬೇಸರವಾಯಿತು. ನಿಮ್ಮ ಫಲಕ ಹಚ್ಚಿಯೇ ಇರಿ. ದಾರಿ ತಪ್ಪುವವರು ಯಾವತ್ತೂ ಇರುತ್ತಾರೆ.

ಬೇಸಿಗೆಯಲ್ಲಿ ಬರಬೇಡಿ. ಇಲ್ಲಿ ಕೋಣೆಗಳೆಲ್ಲ ತುಂಬಿ ಕುಳಿತಿವೆ, ಮಾತಾಡಲು ಪುರುಸೊತ್ತಾಗುವುದಿಲ್ಲ. ಫ್ಲಾಯ್ಡ್ ಅವರಿಗೂ ಅಮರಿಲ್ಲೋದಲ್ಲಿ ತಮ್ಮನ ಮನೆಯ ಕೆಲಸವಿದೆ, ಯಾವಾಗ ಹೋಗುತ್ತಾರೋ ಯಾವಾಗ ಬರುತ್ತಾರೋ ಹೇಳಲಾಗದು. ಚಳಿಗಾಲದಲ್ಲಿ ನೋಡೋಣ. ನಾನೇ ಬರೆದು ತಿಳಿಸುತ್ತೇನೆ.

ನೀವು ಬೇಸರ ಮಾಡಿಕೊಳ್ಳಬಾರದು.

ಓಲೀಟಾ


ಪೇಂಟೆಡ್ ವೆಲ್
11 ಅಕ್ಟೋಬರ್ 1973

ಶ್ರೀಮತಿ ಪ್ರುವಿಟ್ ಅವರಿಗೆ,

ಬರಬೇಡಿ ಎಂದಿದ್ದಿರಿ. ಆದರೂ ಬಂದಿದ್ದೆ, ಕಳೆದ ವಾರ. ನಿಮ್ಮ ಎದುರಿನ ಹೋಟೆಲಿನಲ್ಲಿ ಕೂತು ಪೈ ತಿಂದೆ. ಕಿಟಕಿಯಿಂದ ನಿಮ್ಮ ಆಫೀಸು ಚೆನ್ನಾಗಿ ಕಾಣುತ್ತದೆ. ಗೂಟದ ಮೇಲಿನ ಟೋಪಿಯೂ ಕಂಡಿತು. ಅಂಗಳದಲ್ಲಿದ್ದದ್ದು ಒಂದೇ ಗಾಡಿ, ಅದು ನಿಮ್ಮದೇ ಇರಬೇಕು.

ಹೋಟೆಲಿನಾಕೆ ಕಾಫಿ ಹಾಕಲು ಬಂದಾಗ, ಪ್ರುವಿಟ್ ದಂಪತಿಗಳು ಊರಲ್ಲಿದ್ದಾರಾ ಎಂದು ವಿಚಾರಿಸಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇದ್ದಾರೆ, ಯಜಮಾನ್ರು ಮಲಗಿದ್ದಾರೆ ಎಂದಳು. ಪಕ್ಕದ ಟೇಬಲಿನಲ್ಲಿದ್ದ ಮುದುಕ ಫಕ್ಕನೆ ನಕ್ಕು, "ಮಲಗಿರೋದೇನೋ ಹೌದು. ಗುಡ್ಡದ ಮೇಲೆ, ಏಳು ವರ್ಷದಿಂದ," ಎಂದ. ಆಕೆ ಅವನ ಬಾಯಿ ಮುಚ್ಚಿಸಿದಳು. ಅಷ್ಟರಲ್ಲಿ ನನಗೆ ತಿಳಿಯಬೇಕಾದದ್ದು ತಿಳಿದಿತ್ತು.

ಗುಡ್ಡಕ್ಕೆ ಹೋದೆ. ಅವರ ಗೋರಿಕಲ್ಲಿನ ಮೇಲೆ 1966 ಎಂದಿದೆ. ಕೈ ಕುಲುಕಬೇಕೆಂದು ಬಂದವನು ಟೋಪಿ ತೆಗೆದು ನಿಂತೆ. ತಂದಿದ್ದ ಚುರುಟನ್ನು ಅಲ್ಲೇ ಇಟ್ಟೆ.

ಒಂಟಿ ಹೆಂಗಸು ದಾರಿಹೋಕರ ಎದುರು ಟೋಪಿ ತೂಗುಹಾಕುವುದು ನನಗೆ ಅರ್ಥವಾಗುತ್ತದೆ. ಅದು ತಪ್ಪಲ್ಲ, ಜಾಣತನ. ಆದರೆ ಇಷ್ಟು ವರ್ಷ ಪತ್ರದಲ್ಲೂ ಅದನ್ನು ತೂಗುಹಾಕಿದಿರಿ. ನಾನು ಹತ್ತಿರ ಬರುತ್ತೇನೆ ಎಂದಾಗ ಅವರನ್ನು ಅಮರಿಲ್ಲೋಗೂ ಕಳಿಸಿದಿರಿ. ಅಂದಮೇಲೆ ನಾನೂ ಕೌಂಟರಿನ ಆಚೆ ನಿಲ್ಲಬೇಕಾದ ಗಿರಾಕಿಯೇ. ನಿಮಗೆ ನನ್ನಿಂದ ಹೆದರಿಕೆ ಇತ್ತೆಂದು ತಿಳಿಯದೆ ಬೆಪ್ಪನ ಹಾಗೆ ತಮಾಷೆ ಬರೆದುಕೊಂಡು ಕೂತಿದ್ದೆ. ಕ್ಷಮಿಸಿ.

ಮೋಟೆಲನ್ನು ಮುಚ್ಚುತ್ತಿದ್ದೇನೆ. ಕೊಳ್ಳುವವರು ಯಾರೂ ಇಲ್ಲ, ಹಾಗೇ ಬಿಟ್ಟು ಹೋಗುತ್ತೇನೆ. ಇನ್ನು ನಾನು ಬರೆಯುವುದಿಲ್ಲ, ನೀವೂ ಬರೆಯಬೇಕಿಲ್ಲ.

ಡೆಲ್ಮರ್ ಕೇಗಲ್


ಡ್ರೈ ಫೋರ್ಕ್
15 ಅಕ್ಟೋಬರ್ 1973

ಡೆಲ್ಮರ್ ಅವರಿಗೆ,

ರಸ್ತೆ ದಾಟಿ ಬರಲು ಎಷ್ಟು ಹೆಜ್ಜೆ ಬೇಕಿತ್ತು? ಪೈ ತಿನ್ನಲು ಪುರುಸೊತ್ತಿತ್ತು, ಗುಡ್ಡ ಹತ್ತಲು ಪುರುಸೊತ್ತಿತ್ತು, ಸತ್ತವರ ಮುಂದೆ ಟೋಪಿ ತೆಗೆಯಲು ಪುರುಸೊತ್ತಿತ್ತು. ಬದುಕಿರುವವಳ ಬಾಗಿಲು ತಟ್ಟಲು ಮಾತ್ರ ಇರಲಿಲ್ಲ. ಅಷ್ಟು ದೂರ ಬಂದು ನನ್ನನ್ನು ಕಿಟಕಿಯಿಂದ ನೋಡಿ ಹೋದಿರಿ. ನಾನು ನಿಮ್ಮ ಮುಖ ನೋಡಲೂ ಇಲ್ಲ.

ಹೆದರಿಕೆ ಇತ್ತು, ನಿಜ. ಅದು ನಿಮ್ಮ ಬಗೆಗಿನ ಹೆದರಿಕೆಯಲ್ಲ. ಫ್ಲಾಯ್ಡ್ ಇಲ್ಲ ಎಂದರೆ ನೀವು ನನ್ನನ್ನು ಸುಳ್ಳಿ ಎಂದುಕೊಂಡು ಬರೆಯುವುದನ್ನು ಬಿಡುತ್ತೀರಿ ಎಂದು ಹೆದರಿದ್ದೆ. ಈಗ ಹಾಗೇ ಆಯಿತು.

ಆ ಟೋಪಿಯನ್ನು ಗಿರಾಕಿಗಳಿಗಾಗಿ ಇಟ್ಟೆ. ಮೊದಮೊದಲು ನೀವೂ ಗಿರಾಕಿಯ ಹಾಗೇ ಇದ್ದಿರಿ. ಆಮೇಲೆ ಅದನ್ನು ಇಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ನೀವು ಅವರನ್ನು ಅಷ್ಟು ಮೆಚ್ಚಿಕೊಂಡಿದ್ದಿರಿ. ಅವರ ಹೆಸರಿನಲ್ಲಿ ನಾನು ಹೇಳಿದ ಪ್ರತಿ ಮಾತನ್ನೂ ನೀವು ಹೊಗಳುವಾಗ ನನ್ನನ್ನೇ ಹೊಗಳಿದಂತೆ ಖುಷಿಯಾಗುತ್ತಿತ್ತು. ಆ ಖುಷಿ ಬಿಡಲು ಮನಸ್ಸು ಬರಲಿಲ್ಲ.

ಒಂದು ಸಲ ಬನ್ನಿ. ಬೈಯುವುದಿದ್ದರೆ ಎದುರಿಗೆ ಬೈಯಿರಿ.

ಓಲೀಟಾ


ಡ್ರೈ ಫೋರ್ಕ್
22 ಏಪ್ರಿಲ್ 1975

ಡೆಲ್ಮರ್ ಕೇಗಲ್ ಅವರಿಗೆ,
ನೀಡಲ್ಸ್ ಅಂಚೆ ಕಚೇರಿ, ಕ್ಯಾಲಿಫೋರ್ನಿಯಾ. ಬಂದು ಕೇಳುವ ತನಕ ಇಟ್ಟುಕೊಳ್ಳಿ.

ಒಂಬತ್ತನೇ ಕೋಣೆಯ ಬೀಗದಕೈ ನಿನ್ನೆ ಬಂತು. ಜೊತೆಗೆ ಚೀಟಿಯಿಲ್ಲ, ಹೆಸರಿಲ್ಲ. ಅಂಚೆಪೆಟ್ಟಿಗೆಗೆ ಹಾಕಿ, ಖರ್ಚು ನಮ್ಮದು ಎಂದು ನನ್ನ ಬಿಲ್ಲೆಯ ಮೇಲೂ ಬರೆದಿದೆಯಲ್ಲ, ಅದನ್ನೇ ಹಿಡಿದುಕೊಂಡು ಬಂದಿದೆ. ಬಾಕಿ ಅಂಚೆ ಖರ್ಚು ಕೊಟ್ಟು ಬಿಡಿಸಿಕೊಂಡೆ. ಅಂಚೆಯವರು ಅದಕ್ಕೆ ಅಂಟಿಸಿದ್ದ ಬಾಕಿ ಚೀಟಿಯ ಮೇಲೆ ನೀಡಲ್ಸ್ ಊರಿನ ಮೊಹರು ಇತ್ತು. ಲೆಕ್ಕ ಮುಗಿಯಿತು ಎನ್ನುವುದಕ್ಕೆ ನೀವು ಕಳಿಸಿದ್ದೀರಿ ಎಂದು ನನಗೆ ಗೊತ್ತು. ನನಗೆ ಮಾತ್ರ ಅದರಿಂದ ನಿಮ್ಮ ಊರು ಗೊತ್ತಾಯಿತು.

ಅವತ್ತು ನಿಮಗೆ ಬರೆದ ಉತ್ತರ ವಾಪಸು ಬಂದಿತ್ತು, ಊರು ಬಿಟ್ಟಿದ್ದಾರೆ, ವಿಳಾಸವಿಲ್ಲ ಎಂಬ ಮುದ್ರೆಯೊಂದಿಗೆ. ಅದನ್ನು ಹಾಗೇ ಇದರೊಳಗೆ ಇಟ್ಟಿದ್ದೇನೆ. ಅದರಲ್ಲಿ ಜಗಳವಿದೆ. ಈಗ ಅಷ್ಟು ಸಿಟ್ಟು ಉಳಿದಿಲ್ಲ, ಆದರೂ ಓದಿ. ಇನ್ನೊಂದು ಅದಕ್ಕಿಂತ ಹಳೆಯದು, 1970ರಲ್ಲಿ ಬರೆದು ಕಳಿಸದೆ ಇಟ್ಟದ್ದು. ಅದೂ ಇದೆ.

ಹೊಸ ಹೆದ್ದಾರಿ ನಮ್ಮನ್ನೂ ಬಿಟ್ಟು ಹೋಯಿತು. ಚೆಲೋ ಹೋಟೆಲು ಮುಚ್ಚಿ ಮಗಳ ಮನೆಗೆ ಹೋದಳು. ನಿಮ್ಮ ಮುಂದೆ ಬಾಯಿ ಬಿಟ್ಟ ಆ ಮುದುಕನನ್ನು ಅವಳು ಕೊನೆಯ ತನಕ ಕ್ಷಮಿಸಲಿಲ್ಲ, ಅವನ ಕಾಫಿಗೆ ಸಕ್ಕರೆ ಹಾಕುವುದನ್ನೇ ನಿಲ್ಲಿಸಿದ್ದಳು. ನನ್ನಲ್ಲಿ ಈಗ ಕೋಣೆ ಕೇಳುವವರು ತಿಂಗಳಿಗೊಬ್ಬರೋ ಇಬ್ಬರೋ. ಬೇರೆ ಎಂಟು ಕೋಣೆಗಳ ಹಾಸಿಗೆ ಸುತ್ತಿಟ್ಟಿದ್ದೇನೆ. ಒಂಬತ್ತರದ್ದು ಮಾತ್ರ ಹಾಸಿದೆ. ಯಾಕೆಂದು ನೀವು ಕೇಳಬಾರದು.

ನಿಮ್ಮ ಆ ಕೊನೆಯ ಪತ್ರ ಬಂದ ದಿನವೇ ಫ್ಲಾಯ್ಡ್ ಅವರ ಟೋಪಿ ಇಳಿಸಿ ಪೆಟ್ಟಿಗೆಗೆ ಹಾಕಿದೆ. ಈಗಂತೂ ಮೋಸ ಮಾಡಬೇಕಾದ ಗಿರಾಕಿಗಳೇ ಇಲ್ಲ, ಟೋಪಿ ಯಾರಿಗೆ? ಆದರೆ ಒಳಗೆ ತಿರುಗಿ ಕೂಗುವುದನ್ನು ಬಿಡಲಾಗಲಿಲ್ಲ. ಕೌಂಟರಿನ ಮುಂದೆ ಯಾರೂ ಇರುವುದಿಲ್ಲ, ಆದರೂ ಸಂಜೆ ಫಲಕ ಹಚ್ಚಿದ ಮೇಲೆ ಬಾಯಿಗೆ ತಾನಾಗಿ ಬರುತ್ತದೆ. ಮೊನ್ನೆ ಹಾಗೇ ಕೂಗಿದೆ. ಒಂಬತ್ತಕ್ಕೆ ಐಸ್ ತಂದುಕೊಡ್ತೀರಾ ಎಂದೆ. ಕೂಗಿದ ಮೇಲೆ ಕೇಳಿಸಿತು, ನಾನು ಕರೆದದ್ದು ಫ್ಲಾಯ್ಡ್ ಅವರನ್ನಲ್ಲ. ಡೆಲ್ಮರ್ ಎಂದು ಕರೆದಿದ್ದೆ. ಕುರ್ಚಿಯಲ್ಲಿ ಕೂತು ಅತ್ತೆ.

ನಿಮಗೆ ಅಲ್ಲಿ ಏನಾದರೂ ಆಗಿರಬಹುದು. ಮದುವೆಯಾಗಿರಬಹುದು, ಕಾಯಿಲೆ ಇರಬಹುದು. ಅಥವಾ ಈ ಪತ್ರವನ್ನು ಕೇಳಲು ನೀವು ಅಂಚೆ ಕಚೇರಿಗೆ ಹೋಗದೆಯೇ ಇರಬಹುದು. ಬೀಗದಕೈ ಮತ್ತೆ ಕಳಿಸುತ್ತಿದ್ದೇನೆ. ಅದನ್ನು ಕೈಯಾರೆ ತಂದುಕೊಡುತ್ತೇನೆ ಎಂದು ನೀವು ಮಾತು ಕೊಟ್ಟಿದ್ದಿರಿ. ಅಂಚೆಯಲ್ಲಿ ಬಂದದ್ದನ್ನು ನಾನು ಒಪ್ಪುವುದಿಲ್ಲ.

ಓಲೀಟಾ


ನೀಡಲ್ಸ್, ಕ್ಯಾಲಿಫೋರ್ನಿಯಾ
19 ಮೇ 1975

ಓಲೀಟಾ,

ನನ್ನ ಪಿಂಚಣಿ ಚೆಕ್ಕು ತರಲು ಹೋದಾಗ ಅಂಚೆಯವಳು, "ನಿಮಗೊಂದು ದಪ್ಪನೆ ಲಕೋಟೆ ಮೂರು ವಾರದಿಂದ ಕಾಯ್ತಿದೆ, ಒಳಗೇನೋ ಗಲಗಲ ಅನ್ನತ್ತೆ," ಎಂದಳು. ನನಗೆ ಯಾರು ಬರೆಯುತ್ತಾರೆ ಎಂದೆ. ಕೈಗೆ ತೆಗೆದುಕೊಂಡಾಗ ಬಿಲ್ಲೆ ತಾಗಿತು. ಅಲ್ಲೇ ಹೊರಗಿನ ಮೆಟ್ಟಿಲ ಮೇಲೆ ಕೂತು ಮೂರೂ ಪತ್ರ ಓದಿದೆ. ಇಲ್ಲಿನ ಬಿಸಿಲು ನಿಮಗೆ ಗೊತ್ತಿಲ್ಲ. ಮೆಟ್ಟಿಲು ಸುಡುತ್ತಿದ್ದದ್ದು ಎದ್ದ ಮೇಲೆ ತಿಳಿಯಿತು.

ನಾನಿಲ್ಲಿ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಮದುವೆಯಾಗಿಲ್ಲ. ಕಾಯಿಲೆ ದೊಡ್ಡದೇನಿಲ್ಲ, ಕಣ್ಣು ಮಂಜು. ರಾತ್ರಿ ಗಾಡಿ ಓಡಿಸಬೇಡಿ ಎಂದರು ಡಾಕ್ಟರು, ಅದಕ್ಕೇ ಗಾಡಿ ಮಾರಿದೆ. ಮಾರುವಾಗ ಅದರ ಮುಂದಿನ ಖಾನೆಯಲ್ಲಿ ನಿಮ್ಮ ಬೀಗದಕೈ ಸಿಕ್ಕಿತು. ಇನ್ನು ಪೂರ್ವಕ್ಕೆ ಹೋಗುವ ದಾರಿಯೇ ಮುಗಿಯಿತು ಎನಿಸಿತು. ಕಾಗದ ಬರೆಯಲು ಧೈರ್ಯ ಬರಲಿಲ್ಲ. ಹಾಗೇ ಅಂಚೆಪೆಟ್ಟಿಗೆಯೊಳಗೆ ಹಾಕಿದೆ. ಬಿದ್ದ ಸದ್ದು ಕೇಳಿದ ತಕ್ಷಣ ಕೈ ಹಾಕಿ ತೆಗೆಯೋಣ ಎಂದುಕೊಂಡೆ, ಅದಕ್ಕೆ ಬಾಯಿ ಬಲು ಚಿಕ್ಕದು.

ಫ್ಲಾಯ್ಡ್ ಇಲ್ಲ ಎಂದು ತಿಳಿದಾಗ ನನಗೆ ಎರಡು ದುಃಖ. ನೀವು ನನ್ನನ್ನು ದೂರ ಇಟ್ಟಿರಿ ಎಂಬುದು ಒಂದು. ಇನ್ನೊಂದು ಹೇಳಿದರೆ ನಗುತ್ತೀರಿ. ನನಗೆ ಇದ್ದ ಒಬ್ಬನೇ ಒಳ್ಳೆಯ ಸ್ನೇಹಿತ ಸತ್ತುಹೋದ ಹಾಗಾಗಿತ್ತು. ಈ ಒಂದೂವರೆ ವರ್ಷ ಎಲ್ಲೇ ನಲ್ಲಿ ಸೋರಿದರೂ, ಇದಕ್ಕೆ ಫ್ಲಾಯ್ಡ್ ಏನೆನ್ನುತ್ತಿದ್ದರು ಎಂದು ಯೋಚಿಸಿದ್ದೇನೆ. ಆ ಸ್ನೇಹಿತ ಇದ್ದಾನೆ, ಡ್ರೈ ಫೋರ್ಕಿನ ಕೌಂಟರಿನ ಹಿಂದೆ ಸೀರಿಯಸ್ಸಾಗಿ ಮುಖ ಮಾಡಿಕೊಂಡು ಕೂತಿದ್ದಾನೆ ಎಂದು ಈಗ ತಿಳಿಯಿತು.

ಶುಕ್ರವಾರ ಬಸ್ಸು ಹತ್ತುತ್ತೇನೆ. ಹೊಸ ಹೆದ್ದಾರಿಯ ತಿರುವಿನಲ್ಲಿ ಇಳಿಸಿ ಹೋಗುತ್ತದಂತೆ, ಊರೊಳಗೆ ಬರುವುದಿಲ್ಲ. ಕರೆದುಕೊಂಡು ಹೋಗಲು ಬರಬೇಡ. ಕಣ್ಣು ಮಂಜಾದರೂ ನಿಯಾನ್ ಕಾಣುತ್ತದೆ, ಫಲಕ ಮಾತ್ರ ಹಚ್ಚಿಡು, ಅದನ್ನೇ ನೋಡಿಕೊಂಡು ನಡೆದು ಬರುತ್ತೇನೆ. ಈ ಸಲ ಎದುರಿನ ಹೋಟೆಲು ಮುಚ್ಚಿದೆ, ಬೇರೆಲ್ಲೂ ಕೂರಲು ಜಾಗವಿಲ್ಲ.

ಫ್ಲಾಯ್ಡ್ ಅವರ ಟೋಪಿಯನ್ನು ಪೆಟ್ಟಿಗೆಯಿಂದ ತೆಗೆದು ಗೂಟಕ್ಕೆ ಹಾಕು. ಅದು ಅವರ ಜಾಗ. ನನ್ನದಕ್ಕೆ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದರಾಯಿತು.

ಬಂದವನು ಮೊದಲು ಹಿಂದಕ್ಕೆ ಹೋಗಿ ನಿನ್ನ ಟ್ಯಾಂಕಿನ ನಲ್ಲಿ ಬಿಚ್ಚುತ್ತೇನೆ, ಎಷ್ಟು ಮರಳು ಕೂತಿದೆಯೋ. ಗಿರಾಕಿ ಬಂದರೂ ಸರಿ, ಬರದಿದ್ದರೂ ಸರಿ, ಸಂಜೆ ಕೌಂಟರಿನಲ್ಲಿ ನಿಂತು ಒಳಗೆ ತಿರುಗಿ ಒಂದು ಸಲ ಕೂಗು. ಐಸ್ ಬೇಕು ಅನ್ನು.

ತಗೊಂಡು ಬರ್ತೀನಿ.

ಡೆಲ್ಮರ್